ಮೊದಲೇ ತೋಡಿದ ಗುಣಿ

ನಮ್ಮೂರಿನ ಚರಿತ್ರೆಯನ್ನು ಯಾರೂ ಬರೆದಿಲ್ಲ, ಬರೆಯುವಂಥದ್ದು ಹೆಚ್ಚೇನೂ ಇಲ್ಲ. ಹೊಸೂರಿನಾಚೆ ಅಣೆಕಟ್ಟು ತುಂಬಿ, ಹಿನ್ನೀರು ಸುತ್ತಿಕೊಂಡು ಊರು ನಡುಗಡ್ಡೆಯಾದದ್ದು, ಕರೆಂಟು ಕಂಬಗಳು ನೀರು ದಾಟಿ ಬಂದದ್ದು, ಮೊನ್ನೆ ಮೊನ್ನೆ ಸೇತುವೆಯಾದದ್ದು, ಅಷ್ಟೇ. ಇವುಗಳ ಸಾಲಿಗೆ 'ಗುಣಿ ಮೊದಲೇ ತೋಡಿದ ವರ್ಷ' ಅಂತ ಇನ್ನೊಂದನ್ನು ಸೇರಿಸಿಕೊಂಡು ಹಿರಿಯರು ಈಗಲೂ ನಗುತ್ತಾರೆ. ಆ ಗುಣಿ ನಮ್ಮಪ್ಪನದು. ನನಗೆ ನಗು ಬರುವುದಿಲ್ಲ. ಅಳುವೂ ಬರುವುದಿಲ್ಲ, ಬೇಜಾರಿರುವುದು ಅದಕ್ಕೇ.

ಆಗ ಸೇತುವೆಯೂ ಇರಲಿಲ್ಲ, ಮೊಬೈಲ್ ಟವರೂ ಇರಲಿಲ್ಲ. ದಾಟಲು ಇದ್ದದ್ದು ಒಂದೇ ಹರಿಗೋಲು. ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ, ಹೆಣ ತಂದವರು ಆಚೆ ದಡದ ಕಂಬಕ್ಕೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ನಮ್ಮದು ಬಂಡೆ ನೆಲ, ಗುಣಿ ತೋಡಲು ಅರ್ಧ ದಿನವಾದರೂ ಬೇಕು. ಊರೊಳಗೆ ಬಂದ ಹೆಣ ಕಾಯಬಾರದು ಅಂತ, ಗುಣಿ ಮುಗಿದ ಮೇಲೆಯೇ ಹರಿಗೋಲು ಹೊರಡುತ್ತಿತ್ತು.

ಅಪ್ಪ ಹೊಟ್ಟೆನೋವೆಂದು ಹೊಸೂರಿನ ಆಸ್ಪತ್ರೆ ಸೇರಿದ್ದ. ಜೊತೆಗಿದ್ದವನು ಅವ್ವನ ತಮ್ಮ, ಗುಮ್ಮಳಾಪುರದ ನಮ್ಮ ಮಾವ. ಒಂದು ಬೆಳಿಗ್ಗೆ ಕಂಬದಲ್ಲಿ ಬಿಳಿ ಬಟ್ಟೆ ಕಂಡಿತು. ಆಸ್ಪತ್ರೆಯಲ್ಲಿದ್ದ ನಮ್ಮೂರಿನವನು ಅಪ್ಪ ಒಬ್ಬನೇ. ಹೆಂಗಸರು ಬಂದು ನಮ್ಮ ಒಲೆ ಆರಿಸಿದರು. ಅವ್ವ ಗೋಡೆಗೊರಗಿ ಕೂತಳು, ಯಾರು ಮಾತಾಡಿಸಿದರೂ 'ಹೂಂ' ಅಂದಳು. ನಾನು ಗಂಡಸರ ಜೊತೆ ಹೋಗಿ, ಅವರು ಹಾರೆಯಲ್ಲಿ ಎಬ್ಬಿಸಿದ ಕಲ್ಲುಗಳನ್ನು ಆಚೆ ಹಾಕಿದೆ. ಬೆವರು ಬಂತು, ಹಸಿವಾಯಿತು. ಬೇರೇನೂ ಆಗಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಹರಿಗೋಲು ಹೋಗಿ ಬಂತು. ಅದರಲ್ಲಿ ಅಪ್ಪ ಟವೆಲ್ ಸುತ್ತಿಕೊಂಡು ಕೂತಿದ್ದ.

ಮಾವ ಇಳಿದವನೇ ಎಲ್ಲರ ಮೇಲೆ ರೇಗಿದ. "ಬಸ್ಸಲ್ಲಿ ಭಾವ ವಾಂತಿ ಮಾಡ್ಕಂಡ್ರು. ಅವ್ರನ್ನ ಮರದಡಿ ಮಲಗ್ಸಿ, ಪಂಚೆ ಒಗ್ದು ಒಣಗ್ಲಿ ಅಂತ ಕಂಬಕ್ಕಾಕ್ದೆ. ಬೆಳಿಗ್ಗೆಯಿಂದ ಕೂಗ್ತಾ ಇವ್ನಿ, ಒಬ್ರಾದ್ರೂ ಬರ್ಬಾರ್ದಾ?"

ಪರವೂರಿನವನಿಗೆ ನಮ್ಮ ಕಂಬದ ವಿಷಯ ಏನು ಗೊತ್ತು? ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ದಡದ ಪಕ್ಕದಲ್ಲೇ ಇದ್ದ ಗುಣಿಯ ಹತ್ತಿರ ನಿಧಾನಕ್ಕೆ ಹೋಗಿ ಇಣುಕಿದ.

"ಯಾರು ಹೋದ್ರು?"

"ನೀನೇ ಕಣ್ಲಾ," ಅಂದರು ನಮ್ಮ ದೊಡ್ಡಪ್ಪ, ಕಣ್ಣೊರೆಸಿಕೊಳ್ಳುತ್ತಾ.

ಅಷ್ಟರಲ್ಲಿ ಸುದ್ದಿ ತಿಳಿದು ಅವ್ವ ಓಡಿ ಬಂದಳು. ಸೆರಗು ಜಾರಿದ್ದೂ ಅವಳಿಗೆ ಗೊತ್ತಿರಲಿಲ್ಲ. ನಗುತ್ತಾ, ಏದುಸಿರು ಬಿಡುತ್ತಾ, "ಏನಾರ ಉಂಡ್ರಾ?" ಅಂತ ಕೇಳಿದಳು. ಅಪ್ಪ ತಲೆ ಅಲ್ಲಾಡಿಸಿದ.

ತೋಡಿದ ಗುಣಿಯನ್ನು ಬರಿದಾಗಿ ಮುಚ್ಚಬಾರದು ಅಂತ ನಮ್ಮಲ್ಲಿದೆ. ಹೆಣದ ಬದಲು ಹೂಳಲು ಯಾರೋ ಬಾಳೆದಿಂಡು ಹೊತ್ತು ತಂದರು. ದೊಡ್ಡಪ್ಪ ಸಲಿಕೆಗೆ ಕೈ ಹಾಕಿದರು.

"ಮುಚ್ಬೇಡಣ್ಣ," ಅಂದ ಅಪ್ಪ. "ಮನೆಗೆ ಕರ್ಕಂಡೋಗಿ ಅಂದ್ಬುಟ್ರು ಡಾಕ್ಟ್ರು. ಇನ್ನೊಂದ್ಸಲ ಯಾಕೆ ಬಂಡೆ ಒಡೀತೀರ?"

ಮಾವ ನೀರಿನ ಕಡೆ ಮುಖ ತಿರುಗಿಸಿದ. ಅವ್ವನ ಮುಖದ ಮೇಲೆ ಆ ನಗು ಇನ್ನೂ ಹಾಗೇ ಇತ್ತು.