ಪ್ರೂಯಿಟ್ ಮನೆತನದ ಕರಡಿ

ಬೇರೆ ಮನೆತನಗಳಲ್ಲಿ ಹೇಳಿಕೊಳ್ಳೋದಕ್ಕೆ ಒಬ್ಬ ಕರ್ನಲ್ ಇರುತ್ತಾನೆ, ಇಲ್ಲವೇ ಒಬ್ಬ ಪಾದ್ರಿ, ಅದೂ ಗತಿಯಿಲ್ಲದಿದ್ದರೆ ನೇಣಿಗೇರಿದ ಒಬ್ಬ ಕುದುರೆಗಳ್ಳನಾದರೂ ಇರುತ್ತಾನೆ. ನಮ್ಮ ಪ್ರೂಯಿಟ್ ಮನೆತನಕ್ಕೆ ಇದ್ದದ್ದು ಒಂದೇ ಒಂದು ಕರಡಿ. ಅದೂ ಸತ್ತದ್ದು.

ಹಾಗಂತ ನಾವೇನು ನಿನ್ನೆ ಮೊನ್ನೆ ಹುಟ್ಟಿದವರಲ್ಲ. ವರ್ಜೀನಿಯಾದಲ್ಲಿದ್ದೆವು, ಪಕ್ಕದ ಮನೆಯವರು ಮೂರು ಮೈಲಿಯಷ್ಟು ಹತ್ತಿರ ಬಂದು ಕೂತರು ಅಂತ ಬಿಟ್ಟೆವು. ಕೆರೊಲಿನಾಕ್ಕೆ ಬಂದೆವು, ಅಲ್ಲಿ ಹಿರಿಯರು ಜೌಗು ನೆಲ ಹಿಡಿದು ಅಗಸೆ ಬಿತ್ತಿದರು, ಕಪ್ಪೆ ಬೆಳೆಯಿತು. ಆಗೆಲ್ಲ ಪ್ರೂಯಿಟ್‌ಗಳ ಬಾಯಲ್ಲಿ ಬರುತ್ತಿದ್ದ ಮಾತು ಒಂದೇ: "ಬೆಟ್ಟದಾಚೆ ನೆಲ ಬೆಣ್ಣೆ ಇದ್ದ ಹಾಗಿದೆಯಂತೆ." ಯಾರು ಹೇಳಿದರು ಅಂತ ಯಾರೂ ಕೇಳಲಿಲ್ಲ. ಕೇಳುವ ಬುದ್ಧಿ ಇದ್ದಿದ್ದರೆ ನಾವು ಇವತ್ತಿಗೂ ವರ್ಜೀನಿಯಾದಲ್ಲಿ ಇರುತ್ತಿದ್ದೆವು.

ಸಾವಿರದ ಏಳುನೂರ ಎಂಬತ್ನಾಲ್ಕರ ಶರತ್ಕಾಲದಲ್ಲಿ ಬೆಟ್ಟ ದಾಟಿದವನು ಎಲ್ಕಾನ ಪ್ರೂಯಿಟ್. ಜೊತೆಗೆ ಹೆಂಡತಿ ತಬಿತ. ಕುದುರೆಯ ಒಂದು ಪಕ್ಕಕ್ಕೆ ಬುಟ್ಟಿಯಲ್ಲಿ ಕೂಸು, ತೂಕ ಸರಿಹೋಗಲಿ ಅಂತ ಇನ್ನೊಂದು ಪಕ್ಕಕ್ಕೆ ಕಬ್ಬಿಣದ ಮಡಕೆ. ಕೆಂಟಕಿಯ ಉಪ್ಪುತೊರೆಯ ದಂಡೆಗೆ ಬಂದಾಗ ಕುದುರೆ ಕೂತುಬಿಟ್ಟಿತು. ಹೊಡೆದರೂ ಏಳಲಿಲ್ಲ, ಬೇಡಿಕೊಂಡರೂ ಏಳಲಿಲ್ಲ. "ದೇವರೇ ತೋರಿಸಿದ ಜಾಗ ಇದು" ಅಂದ ಎಲ್ಕಾನ. ದಾರಿ ತೋರಿಸಿದ ಕುದುರೆ ಎರಡು ದಿನದಲ್ಲಿ ಸತ್ತುಹೋಯಿತು.

ಉಪ್ಪುತೊರೆಗೆ ಮೊದಲು ಬಂದವರು ನಾವೇ ಅಂತ ನಮ್ಮವರು ಈಗಲೂ ಎದೆ ತಟ್ಟಿಕೊಳ್ಳುತ್ತಾರೆ. ಆದರೆ ಶಾನಿ ಎಂಬ ಮೂಲನಿವಾಸಿ ಜನ ತಲೆತಲಾಂತರದಿಂದ ಅಲ್ಲಿ ಬೇಟೆಯಾಡಿಕೊಂಡಿದ್ದರು. ಆಮೇಲೆ ಓಬೆಡ್ ಲಸ್ಕ್ ಮತ್ತು ಅವನ ಹೆಂಡತಿ ಕೆಜಾಯ ಬಂದು ಮನೆ ಕಟ್ಟಿ ಎರಡು ವರ್ಷವಾಗಿತ್ತು. ನಾವು ಮೂರನೆಯವರು, ಅದೂ ಲಸ್ಕ್ ಮನೆಯ ಮೆಕ್ಕೆಜೋಳದ ರೊಟ್ಟಿ ತಿಂದು ಬದುಕಿದವರು.

ಬಂದ ಏಳನೇ ದಿನ ಎಲ್ಕಾನ ಬೀಚ್ ಎಂಬ ಕಾಡುಮರದ ಕೆಳಗೆ ಕರಡಿ ಕೊಂದು, ಗುರುತಿಗೆ ಮರಕ್ಕೆ ಮೂರು ಕಚ್ಚು ಹಾಕಿದ. ಮಾಂಸ ಹೊತ್ತು ತಂದು ಲಸ್ಕ್ ಮನೆಯಲ್ಲೇ ಊಟ ಹಾಕಿಸಿದ. ಓಬೆಡ್ ಮೂರು ಸಲ ಬಡಿಸಿಕೊಂಡು, "ನನ್ನ ಜನ್ಮದಲ್ಲಿ ಇಂಥ ಮನೆ ರುಚಿಯ ಕರಡಿ ತಿಂದಿಲ್ಲ ಮಾರಾಯ" ಅಂದನಂತೆ. ಈ ಹೊಗಳಿಕೆಯನ್ನು ಎಲ್ಕಾನ ಸಾಯೋ ತನಕ ಮರೆಯಲಿಲ್ಲ. ಮುಂದಿನ ವರ್ಷ ಓಬೆಡ್ ತನ್ನ ನೆಲವನ್ನು ದಾಖಲು ಮಾಡಿಸಲು ಪೇಟೆಗೆ ಹೋಗಿ ಬಂದವನು, "ಎಲ್ಕಾನ, ನಿನ್ನ ಹೆಸರನ್ನ ಸರ್ಕಾರದ ಪುಸ್ತಕಕ್ಕೆ ಏರಿಸಿಬಿಟ್ಟೆ! ನನ್ನ ಗಡಿ ಶುರುವಾಗೋದೇ ನಿನ್ನ ಕರಡಿ ಮರದಿಂದ" ಅಂದ. ಆಗ ಗಡಿಕಲ್ಲು ಎಲ್ಲಿಂದ ಬರಬೇಕು. ಮರ, ಬಂಡೆ, ತೊರೆಯ ತಿರುವು, ಇವೇ ಗಡಿ. ಎಲ್ಕಾನನಿಗೆ ಓದು ಬರುತ್ತಿರಲಿಲ್ಲ. ಆದರೂ ಪೇಟೆಗೆ ಹೋದಾಗಲೆಲ್ಲ ಆ ಪುಸ್ತಕ ಇಟ್ಟಿದ್ದ ಕಟ್ಟಡವನ್ನು ಟೋಪಿ ಸರಿಮಾಡಿಕೊಂಡು ಒಂದು ಸಲ ನೋಡಿಯೇ ಬರುತ್ತಿದ್ದ.

ಕರಡಿ ಸತ್ತರೂ ಬೆಳೆಯುವುದನ್ನು ನಿಲ್ಲಿಸಲಿಲ್ಲ. ಮೊದಲ ವರ್ಷ ಕರುವಿನ ಗಾತ್ರ ಇದ್ದದ್ದು ಐದನೇ ವರ್ಷಕ್ಕೆ ಹೋರಿಯಷ್ಟಾಯಿತು. ಲಸ್ಕ್ ಮನೆಯಿಂದ ಕೂಗಳತೆಯಲ್ಲಿದ್ದ ಬೀಚ್ ಮರದ ಕೆಳಗೆ ಸತ್ತದ್ದು, ಹೇಳುತ್ತ ಹೇಳುತ್ತ ಎರಡು ಮೈಲಿ ನಡೆದು, ಕಲ್ಲುಗುಡ್ಡದ ಗವಿಬಾಯಿಗೆ ಹೋಗಿ ಅಲ್ಲಿ ಸಾಯತೊಡಗಿತು. ಗವಿಯ ಕರಡಿಗಿರುವ ಗತ್ತು ಹಿತ್ತಲ ಕರಡಿಗೆ ಎಲ್ಲಿ ಬರಬೇಕು? ಗವಿಯ ಮುಂದೆಯೂ ಒಂದು ಬೀಚ್ ಮರವಿತ್ತು. ಎಲ್ಕಾನ ಒಂದು ದಿನ ಅದಕ್ಕೂ ಕೊಡಲಿಯಿಂದ ಮೂರು ಕಚ್ಚು ಹಾಕಿ ಬಂದ. ಬಂದ ನೆಂಟರಿಗೆಲ್ಲ ಅದನ್ನೇ ತೋರಿಸಿದ. ಹೊಸಬರು ಬಂದಾಗಲೆಲ್ಲ ಓಬೆಡ್, "ಹೇಳು ಎಲ್ಕಾನ, ಇನ್ನೊಂದು ಸಲ ಹೇಳು. ಹಲ್ಲು ಎಷ್ಟುದ್ದ ಇತ್ತು?" ಅಂತ ಕೇಳಿ ಹೇಳಿಸುತ್ತಿದ್ದ. ಎಲ್ಕಾನ ಬೆರಳು ಚಾಚಿ ತೋರಿಸುತ್ತಿದ್ದ. ಬೆರಳು ಸಾಲದಾದಾಗ ಅಂಗೈ ತೋರಿಸಿದ.

ಮೂವತ್ತು ವರ್ಷ ಹೀಗೇ ನಡೆಯಿತು. ಓಬೆಡ್ ತೀರಿಕೊಂಡ. ಅವನು ಹೋಗಿ ಎರಡು ವರ್ಷಕ್ಕೆ, ಪೇಟೆಯ ಜಮೀನು ಕಂಪನಿಯೊಂದು ಕೆಜಾಯಳ ಮೇಲೆ ದಾವೆ ಹೂಡಿತು. ಅವರ ವಾದ ಸರಳ: ಲಸ್ಕ್ ನೆಲ ಶುರುವಾಗೋದು ಕರಡಿ ಮರದಿಂದ, ಕರಡಿ ಸತ್ತದ್ದು ಗವಿಯ ಹತ್ತಿರ, ಕೊಂದವನೇ ಊರಿಗೆಲ್ಲ ಸಾರಿದ್ದಾನೆ, ಆದ್ದರಿಂದ ಲಸ್ಕ್ ಹೆಂಗಸಿಗೆ ಸೇರಿದ್ದು ಕಲ್ಲುಗುಡ್ಡ. ಕೆಳಗಿನ ಮನೆ, ಒರತೆ, ಜೋಳದ ಹೊಲ, ಓಬೆಡ್‌ನ ಸಮಾಧಿ ಎಲ್ಲ ಕಂಪನಿಯದು. ಶುಕ್ರವಾರ ಪಂಚರು ಮರದ ಬುಡಕ್ಕೇ ಬಂದು ಎಲ್ಕಾನನ ಹೇಳಿಕೆ ತಗೊಳ್ಳುತ್ತಾರೆ ಅಂತಾಯಿತು.

ಕೆಜಾಯ ಬಂದು ಜಗಲಿಯ ಮೇಲೆ ಕೂತಳು. "ಎಲ್ಕಾನಣ್ಣ, ಮರ ಯಾವುದು ಅಂತ ಹೇಳು, ಅಷ್ಟು ಸಾಕು. ಬೇರೆ ಏನೂ ಹೇಳೋದು ಬೇಡ" ಅಂದಳು. ಎಲ್ಕಾನ ತಲೆ ಆಡಿಸಿದ. ಹೌದು ಅಂತಲೋ ಇಲ್ಲ ಅಂತಲೋ ಅವನಿಗೇ ಗೊತ್ತಾಗಲಿಲ್ಲ.

ಅವಳು ಹೋದಮೇಲೆ ತಬಿತ ಹುರುಳಿಕಾಯಿ ಬಿಡಿಸುತ್ತ, "ಏನ್ರೀ ಕರಡಿ ಸಾಹೇಬ್ರೆ, ಮುಖ ಯಾಕೆ ಬಾಡಿದೆ? ಲಸ್ಕ್ ಮನೆ ಮರ ಅಂತ ಹೇಳಿಬಿಡಿ" ಅಂದಳು.

"ಹೇಳಿದರೆ ಗವಿ ಕಥೆ ಸುಳ್ಳು ಅಂತಾಯ್ತಲ್ಲೇ."

"ಸುಳ್ಳೇ ತಾನೆ?"

"ಅಷ್ಟಕ್ಕೇ ಬಿಡ್ತಾರಾ? ಜಾಗ ಯಾಕೆ ಬದಲಾಯಿಸಿದೆ ಅಂತಾರೆ. ಆಮೇಲೆ ಕರಡಿ ಬಾಲ ಹಿಡಿದು ಎಳೀತಾರೆ."

"ಎಳೆದರೆ ಏನು ಬರುತ್ತೆ? ಸುರುಳಿ ಬಾಲ."

ಎಲ್ಕಾನ ಅವಳ ಕಡೆಗೆ ತಿರುಗಿದ. "ನಿನಗೆ... ಯಾವಾಗಿಂದ ಗೊತ್ತು?"

"ಕೊಬ್ಬು ಕರಗಿಸಿದವಳು ನಾನಲ್ವಾ? ಕರಡಿ ಯಾವುದು ಹಂದಿ ಯಾವುದು ಅಂತ ತಿಳೀದವಳಾ ನಾನು? ಮೂವತ್ತೆರಡು ವರ್ಷ ಬಾಯಿ ಹೊಲ್ಕೊಂಡಿದ್ದೀನಿ. ಗಂಡನ ಮರ್ಯಾದೆ ಅಂತ."

ಅಸಲಿ ಕಥೆ ಇಷ್ಟೇ. ಅವತ್ತು ಬೆಳಗ್ಗೆ ಮಂಜು ಕವಿದಿತ್ತು. ಬೀಚ್ ಮರದ ಕೆಳಗೆ ಕಪ್ಪಗೆ ಏನೋ ಕಾಯಿ ಮೆಲ್ಲುತ್ತಿತ್ತು. ಎಲ್ಕಾನ ಕೋವಿ ಹಾರಿಸಿದ, ಕುಣಿದ, ಖುಷಿಗೆ ಮರಕ್ಕೆ ಮೂರು ಕಚ್ಚು ಹಾಕಿದ, ಆಮೇಲೆ ಹೋಗಿ ನೋಡಿದ. ನಮ್ಮ ಮನೆತನದ ರೀತಿಯೇ ಅದು: ಮೊದಲು ಕುಣಿಯೋದು, ಆಮೇಲೆ ನೋಡೋದು. ಬಿದ್ದಿದ್ದದ್ದು ಕಪ್ಪು ಹಂದಿ. ಎಡಗಿವಿ ಸೀಳಿತ್ತು, ತುದಿ ಕತ್ತರಿಸಿತ್ತು. ಕಾಡಿಗೆ ಬಿಟ್ಟ ಹಂದಿಗಳಿಗೆ ಓಬೆಡ್ ಲಸ್ಕ್ ಹಾಕುತ್ತಿದ್ದ ಗುರುತು ಅದು. ಅನ್ನ ಕೊಟ್ಟವನ ಹಂದಿ! ಹಂದಿ ಕದ್ದವರಿಗೆ ಆಗ ಕಂಬಕ್ಕೆ ಕಟ್ಟಿ ಛಡಿಯೇಟು. ಎಲ್ಕಾನ ತಲೆಯನ್ನು ಹೂತು, ಚರ್ಮವನ್ನು ತೊರೆಗೆ ಎಸೆದು, ಓಬೆಡ್‌ನ ಹಂದಿಯನ್ನು ಓಬೆಡ್‌ಗೇ ಕರಡಿ ಅಂತ ಉಣ್ಣಿಸಿದ. ಥೂ!

ಶುಕ್ರವಾರ ಊರಿಗೆ ಊರೇ ಬಂದಿತ್ತು. ಮೊದಲು ಗವಿಗೆ ಹೋದರು. ಕಂಪನಿಯ ವಕೀಲ ಪೆಟಿಗ್ರೂ ಬೈಬಲ್ ಮುಟ್ಟಿಸಿ, "ಮಿಸ್ಟರ್ ಪ್ರೂಯಿಟ್, ಕರಡಿ ಕೊಂದ ಮರ ಇದೇ ಅಲ್ಲವೇ?" ಅಂದ.

ಎಲ್ಕಾನ ಗುಂಪನ್ನು ನೋಡಿದ. ಅವನ ಮಕ್ಕಳು, ಮೊಮ್ಮಕ್ಕಳು, ಎಲ್ಲರೂ 'ಕರಡಿ ಪ್ರೂಯಿಟ್' ಅಂತಲೇ ಕರೆಸಿಕೊಂಡು ಬೆಳೆದವರು. ಆಮೇಲೆ ಕೆಜಾಯಳ ಕೈ ನೋಡಿದ. ಏಳು ದಿನ ಅವನಿಗೆ ರೊಟ್ಟಿ ತಟ್ಟಿ ಹಾಕಿದ ಕೈ.

"ಅಲ್ಲ. ಕೆಳಗೆ, ಲಸ್ಕ್ ಮನೆ ಹತ್ತಿರದ್ದು. ಇದಕ್ಕೆ ನಾನೇ ಆಮೇಲೆ ಕಚ್ಚು ಹಾಕಿದೆ. ಬೇಕಾದರೆ ಕತ್ತರಿಸಿ ನೋಡಿ."

ಪಂಚರ ಜೊತೆ ಬಂದಿದ್ದ ಸರ್ವೇಯರ್, ಕಚ್ಚಿನ ಮೇಲೆ ಬೆಳೆದಿದ್ದ ಮರದ ತುಂಡು ತೆಗೆದು, ವರ್ಷಕ್ಕೊಂದರಂತೆ ಮೂಡಿದ್ದ ಗೆರೆಗಳನ್ನು ಎಣಿಸಿದ. ಹದಿನಾಲ್ಕು. ಎಲ್ಲರೂ ಕೆಳಗಿನ ಮರಕ್ಕೆ ಇಳಿದು ಬಂದರು. ಅಲ್ಲಿ ಎಣಿಸಿದರೆ ಮೂವತ್ತೆರಡು.

ಪೆಟಿಗ್ರೂ ಬಿಡುವ ಆಸಾಮಿ ಅಲ್ಲ. "ಹಾಗಾದರೆ ಇಷ್ಟು ವರ್ಷ ಸುಳ್ಳು ಹೇಳಿದಿರಿ. ಯಾಕೆ? ಇವತ್ತು ಹೇಳುತ್ತಿರುವುದು ನಿಜ ಅಂತ ಹೇಗೆ ನಂಬೋಣ?"

"ಯಾಕಂದ್ರೆ..." ಎಲ್ಕಾನ ಟೋಪಿ ತೆಗೆದ. "ಈ ಜಾಗ ತೋರಿಸಿದರೆ ಎಂಥ ದಡ್ಡನಿಗೂ ಅನುಮಾನ ಬರುತ್ತೆ ಸ್ವಾಮಿ. ಹಂದಿ ದೊಡ್ಡಿ ಇಲ್ಲೇ ಇದೆ. ಅದು ಕರಡಿ ಅಲ್ಲ. ಓಬೆಡ್‌ನ ಹಂದಿ."

ಗುಂಪಿನಲ್ಲಿ ಎದ್ದ ನಗು ತೊರೆಯಾಚೆಗೂ ಕೇಳಿಸಿರಬೇಕು. ಅವನ ದೊಡ್ಡ ಮಗ, ಅದೇ ಬುಟ್ಟಿಯಲ್ಲಿ ಬಂದ ಕೂಸು, ಮರದ ಹಿಂದೆ ಸರಿದು ನಿಂತ. ನಗದೆ ಇದ್ದವನು ಪೆಟಿಗ್ರೂ ಒಬ್ಬನೇ. "ಪಂಚರೇ, ಮುಗಿಯಿತಲ್ಲ! ಪುಸ್ತಕದಲ್ಲಿ ಇರೋದು ಕರಡಿ ಕೊಂದ ಮರ. ಕರಡಿಯೇ ಇಲ್ಲ ಅಂದಮೇಲೆ ಆ ಮರವೂ ಇಲ್ಲ, ಗಡಿಯೂ ಇಲ್ಲ, ಈ ಹೆಂಗಸಿಗೆ ನೆಲವೂ ಇಲ್ಲ."

ಎಲ್ಕಾನ ಕೆಜಾಯಳ ಕಡೆ ನೋಡಿದ. ಸುಳ್ಳು ಹೇಳಿದರೂ ಅವಳ ಮನೆ ಹೋಗುತ್ತೆ, ನಿಜ ಹೇಳಿದರೂ ಹೋಗುತ್ತೆ. ಇಂಥ ಹಂದಿ ಯಾರಿಗೂ ಸಿಗಬಾರದಪ್ಪ!

"ತಡೀರಿ ವಕೀಲರೇ," ಅಂದ ಸರ್ವೇಯರ್. ಪುಸ್ತಕದ ನಕಲು ಬಿಡಿಸಿ ಕಣ್ಣಿನ ಹತ್ತಿರ ಹಿಡಿದ. "ಇಲ್ಲಿ ಬರೆದಿರೋದು ಪೂರ್ತಿ ಓದ್ತೀನಿ. 'ಎಲ್ಕಾನ ಪ್ರೂಯಿಟ್ ಕರಡಿ ಕೊಂದೆನೆಂದು ಹೇಳಿಕೊಳ್ಳುವ ಬೀಚ್ ಮರದಿಂದ ಆರಂಭ.' ಕೊಂದ ಅಂತ ಇಲ್ಲ. ಹೇಳಿಕೊಳ್ಳುವ ಅಂತ ಇದೆ. ಕರಡಿ ಬೇಕಾಗಿಲ್ಲ. ಹೇಳಿಕೊಂಡಿದ್ದರೆ ಸಾಕು."

"ಹೇಳಿಕೊಂಡಿದ್ದಾನಾ ಅಂತ ಕೇಳ್ತೀರಾ?" ಗುಂಪಿನಿಂದ ಯಾರೋ ಕೂಗಿದರು. "ಸಾಕು ಸಾಕು ಅನ್ನೋಷ್ಟು!"

ಪಂಚರು ಗಡಿಯನ್ನು ಅಲ್ಲಿಂದಲೇ ಖಾಯಂ ಮಾಡಿದರು. ಆದರೆ ಎಲ್ಕಾನ ಅಲ್ಲಾಡಲಿಲ್ಲ. ಹೇಳಿಕೊಳ್ಳುವ! ತಾನು ಟೋಪಿ ಸರಿಮಾಡಿಕೊಂಡು ನೋಡಿ ಬರುತ್ತಿದ್ದ ಕಟ್ಟಡದೊಳಗೆ ಇಷ್ಟು ವರ್ಷ ಇದ್ದ ಮಾತು ಅದು. "ಕೆಜಾಯ, ಓಬೆಡ್‌ಗೆ ಗೊತ್ತಿತ್ತಾ?"

ಕೆಜಾಯ ಏಪ್ರನ್ ಜೇಬಿನಿಂದ ಒಣಗಿ ಮುರುಟಿದ ಚರ್ಮದ ಚೂರೊಂದನ್ನು ತೆಗೆದಳು. ಸೀಳಿದ ಕಿವಿ. "ಆ ವಾರವೇ ನಮ್ಮ ನಾಯಿ ತಲೆ ಅಗೆದು ತಂದು ಬಾಗಿಲಲ್ಲಿ ಹಾಕಿತ್ತು ಅಣ್ಣ. ಇದನ್ನ ಅವನು ಬೈಬಲ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ."

"ಮತ್ತೆ ಯಾಕೆ ಒಂದು ಮಾತೂ ಆಡಲಿಲ್ಲ?"

"ನಾನೂ ಕೇಳಿದ್ದೆ. 'ಬೆಟ್ಟ ದಾಟಿ ಬಂದಿದ್ದಾನೆ, ಕುದುರೆ ಸತ್ತಿದೆ, ಕೈಯಲ್ಲಿ ಕೂಸಿದೆ. ಹೇಳಿಕೊಳ್ಳೋಕೆ ಅವನ ಹತ್ತಿರ ಇರೋದು ಇದೊಂದೇ. ಇಟ್ಟುಕೊಳ್ಳಲಿ ಬಿಡು. ನಮ್ಮಲ್ಲಿ ಇನ್ನೂ ನಾಲ್ಕು ಹಂದಿ ಇವೆಯಲ್ಲ' ಅಂದ."

ಅವತ್ತಿನಿಂದ ನಾವು ಹಂದಿ ಪ್ರೂಯಿಟ್‌ಗಳು. ಇವತ್ತಿಗೂ ಚರ್ಚಿನಲ್ಲಿ ನಮ್ಮವರು ಬೆಂಚಿಗೆ ಹೋಗುವಾಗ ಯಾರಾದರೂ ಒಬ್ಬರು ಮೂಗಿನಲ್ಲಿ ಗುರುಗುಟ್ಟುತ್ತಾರೆ. ಮನೆತನದ ಮೀಸೆ ಮಣ್ಣಾಯಿತು ಅಂತ ದೊಡ್ಡ ಮಗ ಎರಡು ತಿಂಗಳು ಅಪ್ಪನ ಜೊತೆ ಮಾತು ಬಿಟ್ಟ. ತಬಿತ ಮಾತ್ರ ಅವತ್ತು ರಾತ್ರಿ ಗಂಡನಿಗೆ ಎರಡು ರೊಟ್ಟಿ ಜಾಸ್ತಿ ಹಾಕಿದಳು.

ಸೋಮವಾರ ಬೆಳಗ್ಗೆ ಎಲ್ಕಾನ ತನ್ನ ದೊಡ್ಡಿಯಲ್ಲಿದ್ದ ದೊಡ್ಡ ಕಪ್ಪು ಹಂದಿಯನ್ನು ಹಿಡಿದು, ಎಡಗಿವಿ ಸೀಳಿ, ತುದಿ ಕತ್ತರಿಸಿ, ಅದರ ಕಾಲಿಗೆ ಹಗ್ಗ ಕಟ್ಟಿ ಲಸ್ಕ್ ಮನೆಗೆ ಹೊಡೆದುಕೊಂಡು ಹೋದ. ಅರವತ್ತು ದಾಟಿದ ಮುದುಕ. ಹಂದಿ ದಾರಿಯುದ್ದಕ್ಕೂ ಅವನನ್ನು ಪೊದೆಗೆ ಎಳೆಯಿತು. ಅಂಗಿ ಹರಿದು, ಮೊಣಕೈ ತರಚಿ, ಅಂಗಳಕ್ಕೆ ಬಂದು ನಿಂತ.

ಕೆಜಾಯ ಬಾಗಿಲಿಗೆ ಬಂದಳು. "ಇದೇನು ಅಣ್ಣ?"

"ಕರಡಿ," ಅಂದ ಎಲ್ಕಾನ. "ಓಬೆಡ್‌ನದು."

ಕೆಜಾಯ ಮೆಟ್ಟಿಲಿಳಿದು ಬಂದು ಹಂದಿಯ ಕಿವಿಯನ್ನು ಮುಟ್ಟಿ ನೋಡಿದಳು. ಆಮೇಲೆ, ಗಂಡ ಕೇಳುತ್ತಿದ್ದ ಹಾಗೆಯೇ, "ಹಲ್ಲು ಎಷ್ಟುದ್ದ ಇದೆ?" ಅಂತ ಕೇಳಿದಳು.

ಎಲ್ಕಾನ ಬೆರಳು ಎತ್ತಿದ. ತೋರಿಸಲು ಆಗಲಿಲ್ಲ. ಹಗ್ಗ ಕೈಬಿಟ್ಟು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟ.