ಆಡದ ಮಾತಿಗೆ ಮೂರು ತಿಂಗಳು

ಪಾರ್ಶ್ವವಾಯು ಬಡಿದ ಮೇಲೆ ಮುದುಕ ಜಾಬೆಜ್ ಟ್ರೆಂಬಾತ್‌ಗೆ ನಾಲಗೆ ಹೊರಳುತ್ತಿರಲಿಲ್ಲ. ಹಸಿವು, ಬಾಯಾರಿಕೆ, ಬೇಸರ ಎಲ್ಲವನ್ನೂ ಎಡಗೈಯಲ್ಲೇ ತಿಳಿಸಬೇಕಾಗಿತ್ತು. ಆ ಕೈಯ ಭಾಷೆ ಬಲ್ಲವಳು ಮಗಳು ಸೆಲೀನಾ ಒಬ್ಬಳೇ. ಮದುವೆಯಾಗದ ಹೆಣ್ಣು, ಟಾರಾನಾಕಿ ಬೆಟ್ಟದ ಬುಡದ ಆ ಹಾಲಿನ ಊರಿನಲ್ಲಿ ಹಸು ಕರೆಯುತ್ತ, ತಂದೆಗೆ ಗಂಜಿ ಕುಡಿಸುತ್ತ, ಭಾನುವಾರ ಮೆಥಡಿಸ್ಟ್ ಚರ್ಚಿನಲ್ಲಿ ಮಕ್ಕಳಿಗೆ ಬೈಬಲ್ ಹೇಳಿಕೊಡುತ್ತ ಇದ್ದಳು.

ಮಹಾಯುದ್ಧದ ಎರಡನೆಯ ವರ್ಷ. ಪಾದ್ರಿ ಹಾಕಿನ್ ಒಂದು ಭಾನುವಾರ, "ಕೊಲ್ಲಬೇಡ ಅಂದ ದೇವರು, ಸರ್ಕಾರ ಹೇಳಿದ್ರೆ ಪರವಾಗಿಲ್ಲ ಅಂತ ಸೇರಿಸಲಿಲ್ಲ" ಎಂದರು. ಯುದ್ಧಕ್ಕೆ ವಿರುದ್ಧವಾಗಿ ಬೀದಿಯಲ್ಲಿ ಮಾತನಾಡಿದರೆ ಆಗ ಜೈಲು. ಆದರೂ ಶುಕ್ರವಾರ ಸಂಜೆ, ಹಳ್ಳಿಯವರೆಲ್ಲ ಪೇಟೆಗೆ ಬರುವ ಹೊತ್ತಿಗೆ, ಪಾದ್ರಿಗಳೂ ಸೆಲೀನಾಳೂ ಬ್ಯಾಂಕಿನ ಮೂಲೆಯಲ್ಲಿ, ಹತ್ತಿ ಮಾತನಾಡಲು ಬೆಣ್ಣೆಯ ಖಾಲಿ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು ನಿಂತರು.

ಪಾದ್ರಿಗಳು ಹತ್ತಿದರು. ಬಾಯಿ ತೆರೆಯುವ ಮೊದಲೇ ಪೊಲೀಸ್ ಸಾರ್ಜೆಂಟ್ ಪ್ಯಾಸ್ಕೋ ಕೈಹಿಡಿದು ಇಳಿಸಿದ. ಆಮೇಲೆ ಸೆಲೀನಾ ಹತ್ತಿದಳು.

"ಜರ್ಮನ್ನರು ಬಂದ್ರೆ ಚಹಾ ಮಾಡಿಕೊಡ್ತೀಯೇನಮ್ಮ?" ಎಂದು ಗುಂಪಿನಲ್ಲಿ ಒಬ್ಬ ಕೇಳಿದ.

"ಅವಳ ಕೈಯ ಕೇಕ್ ತಿಂದ್ರೆ ಯುದ್ಧ ಅಲ್ಲಿಗೇ ಮುಗೀತದೆ ಬಿಡೋ" ಎಂದ ಇನ್ನೊಬ್ಬ.

"ಸ್ನೇಹಿತರೇ" ಎಂದಳು ಸೆಲೀನಾ. ಅಷ್ಟರಲ್ಲಿ ಪ್ಯಾಸ್ಕೋ ಅವಳ ತೋಳು ಹಿಡಿದಿದ್ದ.

"ಇಳಿ ತಾಯಿ. ಭಾನುವಾರ ನಿನ್ನ ಹಿಂದಿನ ಬೆಂಚಲ್ಲಿ ನಿಂತು ಹಾಡೋನು ನಾನು. ನನ್ನ ಕೈಯಲ್ಲಿ ಇದನ್ನೆಲ್ಲ ಮಾಡಿಸಬೇಡ."

ಇಬ್ಬರ ಮೇಲೂ ಮೊಕದ್ದಮೆಯಾಯಿತು. ನ್ಯಾಯಾಲಯದ ಮೆಟ್ಟಿಲ ಬಳಿ ಪ್ಯಾಸ್ಕೋನೇ ಬಂದು ಸೆಲೀನಾಳಿಗೆ ಪಿಸುಗುಟ್ಟಿದ: "ನೀವಿಬ್ಬರೂ ಏನೂ ಹೇಳಲಿಲ್ಲ ಅಂತ ಸಾಕ್ಷಿ ಹೇಳ್ತೀನಿ. ನಿಜಾನೇ ಅಲ್ವಾ? ಸುಮ್ಮನೆ ನಿಂತ್ಕೋ ಸಾಕು. ನಿಮ್ಮಪ್ಪ ದಾರಿ ಕಾಯ್ತಿದಾನೆ."

"ನಾನು ಒಂದು ಮಾತನ್ನೂ ಆಡಲಿಲ್ಲ, ಸ್ವಾಮಿ" ಎಂದರು ಪಾದ್ರಿಗಳು. ಅವರನ್ನು ಬಿಟ್ಟುಬಿಟ್ಟರು.

ಸೆಲೀನಾಳ ಸರದಿ ಬಂದಾಗ ನ್ಯಾಯಾಧೀಶರು ನಕ್ಕರು. "ಸ್ನೇಹಿತರೇ ಅನ್ನೋದು ಇನ್ನೂ ಅಪರಾಧ ಆಗಿಲ್ಲ. ಮನೆಗೆ ಹೋಗಮ್ಮ."

ಮನಸ್ಸಿನಲ್ಲಿ ದ್ವೇಷಿಸಿದವನು ಕೊಂದವನಿಗೆ ಸಮ ಎಂದು ಅವಳು ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದ್ದಳು. ಮನಸ್ಸಿನಲ್ಲಿ ಆಡಿದ ಮಾತಿಗೆ ಬೇರೆ ನ್ಯಾಯವಿದೆ ಎಂದು ಅವಳಿಗೆ ಅನ್ನಿಸಲಿಲ್ಲ.

"ಯಾರೂ ಸೈನ್ಯಕ್ಕೆ ಸೇರಬೇಡಿ ಅಂತ ಹೇಳೋಕೇ ಪೆಟ್ಟಿಗೆ ಹತ್ತಿದ್ದು, ಸ್ವಾಮಿ. ಬಿಟ್ಟಿದ್ರೆ ಹೇಳ್ತಿದ್ದೆ. ಏನೂ ಹೇಳಲಿಲ್ಲ ಅಂತ ಈಗ ಅಂದ್ರೆ ಸುಳ್ಳಾಗ್ತದೆ."

ನಗು ನಿಂತಿತು. "ಪ್ರಯತ್ನವೂ ಅಪರಾಧವೇ. ಇನ್ನೊಂದು ಸಲ ಯೋಚನೆ ಮಾಡಿ ಹೇಳು" ಎಂದರು ನ್ಯಾಯಾಧೀಶರು. ಅವಳು ತಂದೆಯನ್ನು ನೆನೆದಳು. ಕಟಕಟೆಯ ಅಂಚನ್ನು ಹಿಡಿದುಕೊಂಡಳು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮೂರು ತಿಂಗಳ ಸಜೆಯಾಯಿತು.

ಹಸುಗಳನ್ನು ಪ್ಯಾಸ್ಕೋನ ಹೆಂಡತಿ ನೋಡಿಕೊಂಡಳು. ಜಾಬೆಜ್‌ನನ್ನು ಆಸ್ಪತ್ರೆಯ ಮುದುಕರ ವಾರ್ಡಿಗೆ ಹಾಕಿದರು.

ಎರಡನೆಯ ತಿಂಗಳು ಪಾದ್ರಿ ಹಾಕಿನ್ ಜೈಲಿಗೆ ಬಂದರು. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕುಳಿತು ವಿಷಯ ತಿಳಿಸಿದರು. "ನಿಮ್ಮ ತಂದೆಯ ಅಂತ್ಯಕ್ರಿಯೆ ನಾನೇ ನಡೆಸಿದೆ. ಎಲ್ಲ ಚೆನ್ನಾಗಿ ಆಯ್ತು, ಸೆಲೀನಾ."

ಅವಳು ಕೇಳಿದಳು: "ಕೊನೆಗೆ ನೀವು ಹತ್ತಿರ ಇದ್ರಾ?"

"ಹಿಂದಿನ ದಿನ ಹೋಗಿದ್ದೆ. ನನ್ನ ಕೋಟಿನ ತುದಿ ಹಿಡಿದು ಎಳೀತಾನೇ ಇದ್ರು, ಪಾಪ. ಎಷ್ಟು ಭಕ್ತಿ! ಪಕ್ಕದಲ್ಲಿ ಮಂಡಿಯೂರಿ ಪ್ರಾರ್ಥನೆ ಮಾಡಿದೆ. ಆದರೂ ಬಿಡಲಿಲ್ಲ. ಇನ್ನೊಂದು ಪ್ರಾರ್ಥನೆ ಮಾಡಿದೆ."

"ಹೊದಿಸಬೇಕಾಗಿತ್ತು, ಪಾದ್ರಿಗಳೇ" ಎಂದಳು ಸೆಲೀನಾ. "ಚಳಿ ಆದ್ರೆ ಬಟ್ಟೆ ಎಳೀತಾರೆ ಅವರು."

ಬಿಡುಗಡೆಯಾಗಿ ಬಂದಾಗ ಭಾನುವಾರದ ಪಾಠ ಬೇರೆಯವರ ಪಾಲಾಗಿತ್ತು. ಜೈಲಿಗೆ ಹೋದವಳ ಕೈಗೆ ಮಕ್ಕಳನ್ನು ಒಪ್ಪಿಸುವುದು ಹೇಗೆ ಎಂದು ಚರ್ಚಿನ ಹಿರಿಯರು ಕೇಳಿದ್ದರು. ಪಾದ್ರಿಗಳು ಅಲ್ಲಿಯೂ ಬಾಯಿ ತೆರೆದಿರಲಿಲ್ಲ. ಅವಳು ಯಾರೊಡನೆಯೂ ಜಗಳವಾಡಲಿಲ್ಲ.

"ಅವತ್ತು ಸತ್ಯ ಹೇಳಿದ್ದಕ್ಕೆ ಪಶ್ಚಾತ್ತಾಪ ಇದೆಯೇನಮ್ಮ?" ಎಂದು ಪ್ಯಾಸ್ಕೋ ಒಮ್ಮೆ ಕೇಳಿದ.

"ಹೇಳಿದ್ದು ಸರೀನೇ" ಎಂದಳು ಸೆಲೀನಾ, ಕರೆದ ಹಾಲನ್ನು ಸೋಸುತ್ತ. "ಶಿಕ್ಷೆ ಮಾತ್ರ ಅಪ್ಪ ಅನುಭವಿಸಿದರು."