ಪುಟದಕ್ಕ ಬಿಟ್ಟ ಹಾಳೆ

ನನ್ನ ಅತ್ತಿಗೆಯನ್ನು ರಾಷ್ಟ್ರೀಯ ಗ್ರಂಥಾಲಯದಲ್ಲಿ ಎಲ್ಲರೂ ಪುಟದಕ್ಕ ಎಂದೇ ಕರೆಯುತ್ತಿದ್ದರು. ನೆಲಮಾಳಿಗೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಹನ್ನೊಂದು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಹಳೆಯ ಪುಸ್ತಕದ ಹಾಳೆ ತಿರುವುವುದು, ಕಾಲಿನಿಂದ ಪೆಡಲ್ ಒತ್ತಿ ಕ್ಯಾಮೆರಾದಿಂದ ಚಿತ್ರ ತೆಗೆಯುವುದು. ಕೈಯಿಂದಲೇ ತಿರುವಬೇಕು, ಒಣಗಿದ ಹಾಳೆ ಯಂತ್ರಕ್ಕೆ ಸಿಕ್ಕರೆ ತರಗೆಲೆಯಂತೆ ಪುಡಿಯಾಗುತ್ತದೆ. ಚಿತ್ರ ತೆಗೆದಾದ ಪುಸ್ತಕ ಪೆಟ್ಟಿಗೆ ಸೇರಿ ಮೊಹರಾದರೆ, ಮೇಲಿನವರ ಅಪ್ಪಣೆಯಿಲ್ಲದೆ ಅದನ್ನು ಯಾರೂ ತೆರೆಯುವಂತಿರಲಿಲ್ಲ.

ಅವಳ ಬಲಗೈ ಬೆರಳುಗಳು ಜೋಮು ಹಿಡಿಯತೊಡಗಿದ್ದು ನನಗೊಬ್ಬಳಿಗೇ ಗೊತ್ತಿತ್ತು. ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ, ಕೈಯಲ್ಲಿರುವುದು ಒಂದು ಕಾಗದವೋ ಎರಡೋ ಎಂದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದ್ದಳು. ಹತ್ತರಲ್ಲಿ ನಾಲ್ಕು ತಪ್ಪು.

"ನಿಮ್ಮಣ್ಣನಿಗೆ ಹೇಳ್ಬೇಡ ಕಣೇ. ಬೆರಳು ಸತ್ತ ಪುಟದಕ್ಕನ್ನ ಯಾರು ಇಟ್ಕೋತಾರೆ?"

ನಾನು ದೇವರಿಗೆ ಮಾತ್ರ ಹೇಳಿದೆ.

ಒಂದು ಗುರುವಾರ ಮಧ್ಯಾಹ್ನ ಊಟಕ್ಕೆ ಕೂತವಳು ತೆರೆದ ಡಬ್ಬಿಯನ್ನು ಮತ್ತೆ ಮುಚ್ಚಿದಳು. ಬೆಳಿಗ್ಗೆ ತಿರುವಿದ್ದ ಕೈಬರಹದ ಮದ್ದಿನ ಪುಸ್ತಕದಲ್ಲಿ ಒಂದು ಪುಟ "ಈ ಬೇರನ್ನು ಮಗುವಿಗೆ" ಎಂಬಲ್ಲಿ ನಿಂತಿತ್ತು. ಮುಂದಿನ ಪುಟದಲ್ಲಿ ಜೇನಿನ ವಿಷಯ. ಕೈಬರಹಕ್ಕೆ ಪುಟಸಂಖ್ಯೆ ಎಲ್ಲಿಯದು? ಮಗುವಿಗೆ ಕೊಡಬೇಕೋ, ಕೊಡಬಾರದೋ? ನಾಲ್ಕು ಗಂಟೆಗೆ ಪೆಟ್ಟಿಗೆ ಮೊಹರಾಗುತ್ತಿತ್ತು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಹಾಳೆ.

ಮೂರೂವರೆಗೆ ಮೇಲ್ವಿಚಾರಕರ ಮೇಜಿನ ಮುಂದೆ ನಿಂತಳು.

"ಏನು ಪುಟದಕ್ಕ, ರಜೆ ಬೇಕಾ?"

"ಒಂದು ಹಾಳೆ ಹಾರಿಸ್ಬಿಟ್ಟೆ ಅನ್ಸತ್ತೆ, ಸಾರ್."

"ನೀವಾ? ನಿಮ್ಮ ಬೆರಳಿಗೆ ಕಣ್ಣಿದೆ ಅಂತಿದ್ವಲ್ಲ ನಾವು."

ಪುಸ್ತಕ ತೆರೆದರು. ಎರಡು ಹಾಳೆ ಅಂಟಿಕೊಂಡಿದ್ದವು. ಬಿಡಿಸಲು ಹೋದ ಅವಳ ಬೆರಳಿಗೆ ಅಂಚೇ ಸಿಗಲಿಲ್ಲ. ಕೊನೆಗೆ ಅವರೇ ಬಿಡಿಸಿದರು. ಒಳಗಿನ ಮೊದಲ ಮಾತು, "ಕೊಡಲೇಬಾರದು."

"ಯಾವಾಗಿಂದ ಹೀಗೆ?"

"ಏಳು ತಿಂಗಳಾಯ್ತು."

ಮೇಲ್ವಿಚಾರಕರು ಸಾಗಣೆಗೆ ಕಾದು ಗೋಡೆಯುದ್ದಕ್ಕೂ ನಿಂತಿದ್ದ, ಆ ಏಳು ತಿಂಗಳ ಪೆಟ್ಟಿಗೆಗಳತ್ತ ತಿರುಗಿದರು. ಒಂದು ಹಾಳೆಯ ಚಿಂತೆ ಹೊತ್ತು ಬಂದಿದ್ದವಳಿಗೆ ಅಲ್ಲಿಯವರೆಗೆ ಅವು ನೆನಪಾಗಿಯೇ ಇರಲಿಲ್ಲ.

"ತಿರುವಿದ್ದು ಸಾಕು," ಎಂದರು ಅವರು. "ಕಣ್ಣು ನೆಟ್ಟಗಿದೆ ತಾನೇ? ಕೂತು ಚಿತ್ರ ಎಲ್ಲಾ ಓದಿ. ಮಾತು ಎಲ್ಲಿ ಕಡಿದಿದೆಯೋ ಹೇಳಿ. ಮೊಹರು ಒಡೆಸೋ ಬೈಗುಳ ನನಗಿರಲಿ."

ಈಗ ಅತ್ತಿಗೆ ಪರದೆಯ ಮುಂದೆ ಕೂತು, ಒಂದು ಪುಟದ ಕೊನೆಯ ಮಾತಿಗೆ ಮುಂದಿನದರ ಮೊದಲ ಮಾತು ಕೂಡುತ್ತದೆಯೇ ಎಂದು ನೋಡುತ್ತಾಳೆ. ಸಂಜೆ ಅವಳು ಚಪ್ಪಲಿ ಬಿಡುವಾಗಲೇ ನಾನು ಮುಖ ನೋಡುತ್ತೇನೆ.

"ಇವತ್ತು ಬಿಟ್ಟುಹೋದ ಮೂರು ಹಾಳೆ ಸಿಕ್ತು," ಎನ್ನುತ್ತಾಳೆ. ನೀರು ಕುಡಿದು ಲೋಟ ಕೆಳಗಿಟ್ಟು, "ಇನ್ನೂ ಅರವತ್ತು ಪೆಟ್ಟಿಗೆ ಇದೆ ಕಣೇ."